ಸೊಪ್ಪಿನ ಬೆಟ್ಟದಲ್ಲೊಂದು ಗೂಡು

ಶಿರಸಿ ಕಡೆಯವರಿಗೆ ದರಕು ಅಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಬೇಸಿಗೆಯಲ್ಲಿ ಮರದಿಂದ ಉದುರುವ ಒಣ ಎಲೆಯೇ ದರಕು. ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಬೇಕಾದ ಸೊಪ್ಪು ತರುವ ಕಾಡಿಗೆ ಹೋಗಿ ಅದನ್ನು ಗುಡಿಸಿ, ರಾಶಿ ಮಾಡಿ, ಹೆಡಿಗೆಯಲ್ಲಿ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ದನಗಳು ತುಳಿದು, ಸಗಣಿ ಗಂಜಲ ಸೇರಿ, ಕೊಳೆತು ಗೊಬ್ಬರವಾಗಿ ಅದು ಅಡಿಕೆ ತೋಟಕ್ಕೆ ಹೋಗುತ್ತದೆ.

ನಾನು ಸಣ್ಣವನಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ದೊಡ್ಡಮ್ಮನ ಜೊತೆ ದರಕು ತರಲು ಹೋಗಿದ್ದೆ. ಬಿದಿರು ಮೆಳೆಯ ಬುಡದಲ್ಲಿ ಮೊಣಕಾಲೆತ್ತರದ ರಾಶಿಯೊಂದು ಕಂಡಿತು. ಯಾರೋ ಗುಡಿಸಿಟ್ಟು ಹೋದ ಹಾಗಿತ್ತು. ಸುಲಭದಲ್ಲಿ ಹೆಡಿಗೆ ತುಂಬಿತಲ್ಲ ಎಂದು ಓಡಿದೆ. ಹಿಂದಿನಿಂದ ದೊಡ್ಡಮ್ಮನ ದನಿ ಬಂತು. "ಅಪ್ಪೀ, ಅದು ನಾವು ಗುಡಿಸಿದ್ದಲ್ದೋ. ಹಿಂದೆ ಬಾ." ಕೂಗಲಿಲ್ಲ, ಗಾಬರಿಯಾಗಲಿಲ್ಲ. ಬಿಸಿ ಹಾಲಿನ ಪಾತ್ರೆ ಮುಟ್ಟಬೇಡ ಅನ್ನುವ ಹಾಗೆ ಹೇಳಿದಳು. ಆ ವರ್ಷ ಆ ಕಡೆಯ ದರಕು ಯಾರೂ ತರಲಿಲ್ಲ. ರಾಶಿಯ ಮೇಲೆ ಏನಿತ್ತು ಎಂದು ನಾನು ನೋಡಲೂ ಇಲ್ಲ. ಅದು ಕಾಳಿಂಗದ ಗೂಡು ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಜಗತ್ತಿನಲ್ಲಿ 4,000ಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ಬಹಳಷ್ಟು ಹಾವುಗಳು ಮೊಟ್ಟೆ ಇಡುತ್ತವೆ, ಕೆಲವು ಮರಿ ಹಾಕುತ್ತವೆ. ಸಾಮಾನು ಕೂಡಿಹಾಕಿ, ಮೊಟ್ಟೆಗೆಂದೇ ಗೂಡು ಕಟ್ಟುವ ಹಾವು ಮಾತ್ರ ಕಾಳಿಂಗ ಒಂದೇ. ನಾಗರಹಾವು ಕೂಡ ಈ ಕೆಲಸಕ್ಕೆ ಹೋಗುವುದಿಲ್ಲ. ಇಲಿ ಬಿಲವೋ, ಗೆದ್ದಲು ಕಟ್ಟಿ ಬಿಟ್ಟ ಹುತ್ತವೋ ಸಿಕ್ಕರೆ ಅಲ್ಲೇ ಹತ್ತಿಪ್ಪತ್ತು ಮೊಟ್ಟೆ ಇಟ್ಟು ಕಾವಲಿಗೆ ಕೂರುತ್ತದೆ. ಅದರದ್ದು ಬಾಡಿಗೆ ಮನೆ. ಬಾಡಿಗೆಯನ್ನೂ ಕೊಡುವುದಿಲ್ಲ, ಆ ಮಾತು ಬೇರೆ.

ಕೈ ಇಲ್ಲ, ಕಾಲಿಲ್ಲ, ಹಕ್ಕಿಯ ಹಾಗೆ ಕೊಕ್ಕೂ ಇಲ್ಲ. ಹಾಗಿದ್ದರೆ ಕಟ್ಟುವುದು ಹೇಗೆ? ಹೆಣ್ಣು ಕಾಳಿಂಗ ತನ್ನ ಮೈಯನ್ನೇ ಬಳಸಿ ದರಕನ್ನು ತಬ್ಬಿಕೊಂಡು ಎಳೆಯುತ್ತದೆ. ನಾವು ಎರಡು ತೋಳಲ್ಲಿ ಹುಲ್ಲು ಬಾಚಿಕೊಂಡ ಹಾಗೆ. ಎಳೆದು ತಂದು ಗುಡ್ಡೆ ಮಾಡಿ, ಅದರ ಮೇಲೆ ಸುತ್ತಿ ಸುತ್ತಿ ಒತ್ತುತ್ತದೆ. ನಡುವೆ ಮೊಟ್ಟೆ ಇಟ್ಟು, ಮೇಲೆ ಮತ್ತೆ ದರಕು ಮುಚ್ಚುತ್ತದೆ. ದೊಡ್ಡ ಗೂಡಾದರೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಬುಡದಲ್ಲಿ ಒಂದು ಮೀಟರಿಗೂ ಮೀರಿದ ಅಗಲ. ಮೊಟ್ಟೆ ಸಾಮಾನ್ಯವಾಗಿ ಇಪ್ಪತ್ತು, ಮೂವತ್ತು. ನಲವತ್ತು ದಾಟುವುದೂ ಉಂಟು.

ಇದರಲ್ಲಿ ಎರಡು ಜಾಣತನ ಇದೆ, ಎರಡೂ ನಮ್ಮೂರಿನವರಿಗೆ ಗೊತ್ತಿರುವಂಥವೇ. ಮೊದಲನೆಯದು ಗೊಬ್ಬರ ಗುಂಡಿಯ ಜಾಣತನ. ಚಳಿಗಾಲದ ಬೆಳಿಗ್ಗೆ ಗುಂಡಿ ಕೆದಕಿದರೆ ಹಬೆ ಏಳುತ್ತದೆ ಅಲ್ವಾ? ಎಲೆ ಕೊಳೆಸುವ ಸೂಕ್ಷ್ಮಜೀವಿಗಳು ಬಿಸಿ ಹೊರಬಿಡುತ್ತವೆ. ಹಾವು ತಣ್ಣನೆ ರಕ್ತದ ಪ್ರಾಣಿ, ಕೋಳಿಯ ಹಾಗೆ ಮೈ ಬಿಸಿಯಿಂದ ಕಾವು ಕೊಡಲು ಬರುವುದಿಲ್ಲ. ಕಾವಿನ ಕೆಲಸವನ್ನು ದರಕಿಗೆ ವಹಿಸಿದೆ. ಎರಡನೆಯದು ಸೋಗೆ ಮಾಡಿನ ಜಾಣತನ. ಒಂದರ ಮೇಲೊಂದು ಎಲೆ ಒತ್ತಾಗಿ ಕೂತರೆ ಮಳೆ ನೀರು ಒಳಗಿಳಿಯದೆ ಜಾರಿ ಹೋಗುತ್ತದೆ. ಗೂಡು ಕಟ್ಟುವುದು ಏಪ್ರಿಲ್, ಮೇ ಹೊತ್ತಿಗೆ. ಮರಿ ಹೊರಬರಲು ಎರಡರಿಂದ ಮೂರೂವರೆ ತಿಂಗಳು ಬೇಕು. ನಡುವೆ ಬರುವುದು ಘಟ್ಟದ ಜೂನ್ ಮತ್ತು ಜುಲೈ. ಆ ಮಳೆಯಲ್ಲಿ ನಮ್ಮ ಹೆಂಚಿನ ಮನೆಯೇ ಸೋರುತ್ತಿರುತ್ತದೆ.

ಅಷ್ಟೂ ದಿನ ಅಲ್ಲದಿದ್ದರೂ ಬಹುಪಾಲು ದಿನ ತಾಯಿ ಗೂಡಿನ ಮೇಲೋ ಪಕ್ಕದಲ್ಲೋ ಇರುತ್ತದೆ. ಉಡ, ಮುಂಗುಸಿ, ಕಾಡುಹಂದಿ ಎಲ್ಲಕ್ಕೂ ಮೊಟ್ಟೆ ಇಷ್ಟ. ಮರಿ ಒಡೆಯುವ ಸ್ವಲ್ಪ ಮುಂಚೆ ತಾಯಿ ಹೊರಟುಹೋಗುತ್ತದೆ. ತನ್ನ ಮರಿಯನ್ನೇ ತಿಂದುಬಿಟ್ಟೇನು ಎಂಬ ಹೆದರಿಕೆಗೆ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ವಿವರಣೆ ನನಗೆ ಅಷ್ಟು ರುಚಿಸುವುದಿಲ್ಲ. ವಾರಗಟ್ಟಲೆ ಬೇಟೆ ಬಿಟ್ಟು ಕೂತ ಪ್ರಾಣಿ ಅದು. ಹಸಿದಿರುತ್ತದೆ, ಊಟ ಹುಡುಕಿ ಹೋಗುತ್ತದೆ.

ಇನ್ನು ಹೆಸರಿನ ವಿಷಯ. ಥಿಯೋಡರ್ ಕ್ಯಾಂಟರ್ ಎಂಬಾತ 1836ರಲ್ಲಿ ಈ ಹಾವನ್ನು ವೈಜ್ಞಾನಿಕವಾಗಿ ವರ್ಣಿಸಿದ. ಅಲ್ಲಿಂದ ಸುಮಾರು 188 ವರ್ಷ ಭಾರತದಿಂದ ಫಿಲಿಪೈನ್ಸ್‌ವರೆಗೆ ಇರುವುದೆಲ್ಲ ಒಂದೇ ಪ್ರಭೇದ ಎಂದು ಪುಸ್ತಕಗಳು ಬರೆದವು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಅವರ ಸಂಗಡಿಗರು ಡಿಎನ್‌ಎ ಮತ್ತು ಮೈಲಕ್ಷಣ ಎರಡನ್ನೂ ನೋಡಿ, ಇವು ನಾಲ್ಕು ಬೇರೆ ಬೇರೆ ಪ್ರಭೇದಗಳು ಎಂದು ತೋರಿಸಿದರು. ಅದರಲ್ಲೊಂದು ಪಶ್ಚಿಮ ಘಟ್ಟದಲ್ಲಿ ಮಾತ್ರ ಇದೆ. ಅದಕ್ಕಿಟ್ಟ ಹೆಸರು ಒಫಿಯೋಫೇಗಸ್ ಕಾಳಿಂಗ. ಮೊದಲ ಪದ ಗ್ರೀಕಿನದು, ಹಾವು ತಿನ್ನುವವ ಎಂದರ್ಥ. ಎರಡನೆಯದು ನಮ್ಮದೇ ಕನ್ನಡದ್ದು. ವಿಜ್ಞಾನದ ಪಟ್ಟಿಯಲ್ಲಿ ಇಂಥ ಹೆಸರು ನೋಡಿದಾಗ ಸುಮ್ನೆ ಒಂದು ಖುಷಿ. ಗುರುತೂ ಕಷ್ಟವಿಲ್ಲ. ನಮ್ಮ ಕಾಳಿಂಗದ ಮೈಮೇಲೆ ಪಟ್ಟೆ ಕಡಿಮೆ, ನಲವತ್ತರ ಒಳಗೆ. ಉತ್ತರ ಭಾರತದ ಕಡೆಯದಕ್ಕೆ ಐವತ್ತರ ಮೇಲೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸಿಬಿಡೋಣ. ಕಾಳಿಂಗ ನಾಗರಹಾವಿನ ದೊಡ್ಡಣ್ಣ ಅಲ್ಲ. ಇಬ್ಬರದೂ ಒಂದೇ ದೊಡ್ಡ ಕುಟುಂಬ, ಆದರೆ ಕುಲ ಬೇರೆ. ನಾಗರದ್ದು ಅಗಲ ಹೆಡೆ, ಹಿಂದೆ ಕನ್ನಡಕದ ಗುರುತು. ಕಾಳಿಂಗದ ಹೆಡೆ ಉದ್ದ, ಕಿರಿದು, ಕನ್ನಡಕ ಇಲ್ಲ. ಹೆಡೆ ಅಂದರೆ ಬೇರೆ ಅಂಗ ಏನೂ ಅಲ್ಲ, ಕುತ್ತಿಗೆಯ ಪಕ್ಕೆಲುಬುಗಳು. ಸಾಮಾನ್ಯ ಹೊತ್ತಿನಲ್ಲಿ ಹಿಂದಕ್ಕೆ ಮಡಚಿಕೊಂಡಿರುತ್ತವೆ. ಹೆದರಿದಾಗ ಸ್ನಾಯುಗಳು ಅವನ್ನು ಛತ್ರಿ ಕಡ್ಡಿಯ ಹಾಗೆ ಅಗಲಿಸುತ್ತವೆ, ಚರ್ಮ ಬಿಗಿಯಾಗುತ್ತದೆ. ನಾಲ್ಕು ಮೀಟರಿನ ಕಾಳಿಂಗ ಮೈಯ ಮೂರನೇ ಒಂದು ಭಾಗ ಎತ್ತಿ ನಿಂತರೆ ನಮ್ಮ ಎದೆಯ ಮಟ್ಟಕ್ಕೆ ಬರುತ್ತದೆ. ದನಿಯೂ ಉಳಿದ ಹಾವಿನ ಹಾಗೆ ಬುಸ್ ಅಲ್ಲ. ಶ್ವಾಸನಾಳದಲ್ಲಿ ಸಣ್ಣ ಸಣ್ಣ ಚೀಲದಂಥ ಪೊಳ್ಳುಗಳಿವೆ, ಗಾಳಿ ಅದರಲ್ಲಿ ಅನುರಣಿಸಿ ನಾಯಿ ಗುರುಗುಟ್ಟಿದ ಹಾಗೆ ಕೇಳುತ್ತದೆ. ಇಷ್ಟೆಲ್ಲ ನಾಟಕ ಯಾಕೆಂದರೆ ಕಚ್ಚುವುದು ತಪ್ಪಲಿ ಎಂದು. ವಿಷ ಅದರ ಊಟದ ಬಂಡವಾಳ, ನಮ್ಮ ಮೇಲೆ ಖರ್ಚು ಮಾಡಿದರೆ ನಷ್ಟ.

ಊಟ ಅಂದೆ. ಕಾಳಿಂಗದ ಊಟ ಹೆಚ್ಚಾಗಿ ಹಾವೇ. ಕೇರೆ, ನಾಗರ, ಮಲೆನಾಡಿನ ಮಂಡಲದ ಹಾವುಗಳು, ಒಮ್ಮೊಮ್ಮೆ ಉಡ. ಹಾಗಿದ್ದರೆ ಮನೆಗೆ ಯಾಕೆ ಬರುತ್ತದೆ? ಅಟ್ಟದಲ್ಲಿ ಭತ್ತ, ಅದಕ್ಕೆ ಇಲಿ, ಇಲಿಗೆ ಕೇರೆ, ಕೇರೆಗೆ ಕಾಳಿಂಗ. ಬಚ್ಚಲಲ್ಲಿ ಕಾಳಿಂಗ ಸಿಕ್ಕಿತು ಎಂದು ಗಲಾಟೆ ಆದಾಗಲೆಲ್ಲ ಅದಕ್ಕೆ ಮುಂಚೆ ಒಂದು ಕೇರೆ ಆ ದಾರಿಯಲ್ಲಿ ಹೋಗಿರುವ ಸಾಧ್ಯತೆ ಜಾಸ್ತಿ. ಸೀಳು ನಾಲಿಗೆ ಗಾಳಿಯ, ನೆಲದ ವಾಸನೆ ಹಿಡಿದು ತಂದು ಬಾಯಿಯ ಮೇಲ್ಭಾಗದ ಒಂದು ಅಂಗಕ್ಕೆ ಮುಟ್ಟಿಸುತ್ತದೆ. ನಾಲಿಗೆಯ ಎರಡು ತುದಿಗಳಲ್ಲಿ ಯಾವುದಕ್ಕೆ ವಾಸನೆ ಹೆಚ್ಚು ತಗಲಿತೋ ಆ ಕಡೆ ಹಾವು ತಿರುಗುತ್ತದೆ.

ಹಾವಿನ ಸೇಡು ಎಂಬ ಕತೆಯ ಗುಟ್ಟೂ ಈ ವಾಸನೆಯಲ್ಲೇ ಇದೆ ಅನ್ನಿಸುತ್ತದೆ. ಮಾರ್ಚ್ ಹೊತ್ತಿಗೆ ಹೆಣ್ಣು ಹೋದ ದಾರಿಯಲ್ಲಿ ಒಂದು ರಾಸಾಯನಿಕದ ಜಾಡು ಉಳಿಯುತ್ತದೆ. ಅದನ್ನು ಹಿಡಿದು ಗಂಡುಗಳು ಬರುತ್ತವೆ. ಈಗ ಯಾರೋ ಆ ಹೆಣ್ಣನ್ನು ತೋಟದಲ್ಲಿ ಕೊಂದರು ಎಂದುಕೊಳ್ಳಿ. ಜಾಡು ಅಲ್ಲೇ ಇದೆ. ಮರುದಿನ ಅದೇ ಜಾಗಕ್ಕೆ ಇನ್ನೊಂದು ಹಾವು! ಜೋಡಿ ಸೇಡಿಗೆ ಬಂತು, ಹನ್ನೆರಡು ವರ್ಷ ಬಿಡುವುದಿಲ್ಲ ಎಂದು ಊರೆಲ್ಲ ಸುದ್ದಿ. ಪಾಪ, ಅದು ಹುಡುಗಿ ನೋಡಲು ಬಂದಿತ್ತು. ಎರಡು ಗಂಡುಗಳು ಒಂದೇ ಜಾಗ ತಲುಪಿದರೆ ಕುಸ್ತಿ. ಮೈಗೆ ಮೈ ಹೆಣೆದು, ತಲೆ ಎತ್ತಿ, ಒಬ್ಬರ ತಲೆಯನ್ನು ಇನ್ನೊಬ್ಬರು ನೆಲಕ್ಕೆ ಒತ್ತಲು ನೋಡುತ್ತವೆ. ಕೇರೆಯಲ್ಲೂ ಹೀಗೇ. ಇದನ್ನೇ ನಾವು ಸರಸ ಎಂದು ತಿಳಿದು, ಬಿಳಿ ಪಂಚೆ ಹಾಸಿ ಅದೃಷ್ಟ ಕಾಯುವುದು.

ವಿಷದ ಕೆಲಸ ನಾಗರದ್ದೂ ಕಾಳಿಂಗದ್ದೂ ಹೆಚ್ಚುಕಡಿಮೆ ಒಂದೇ ದಾರಿ. ಕೈ ಎತ್ತು ಎಂದು ನರ ಹೇಳಿದಾಗ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ವಸ್ತು ಹೊರಟು, ಸ್ನಾಯುವಿನ ಮೇಲಿರುವ ಗ್ರಾಹಕದಲ್ಲಿ ಬೀಗದೊಳಗೆ ಕೀಲಿಯಂತೆ ಕೂರುತ್ತದೆ. ವಿಷದ ಪ್ರೋಟೀನು ಮುಂಚೆಯೇ ಹೋಗಿ ಬೀಗದ ಕಿಂಡಿಗೆ ಮೇಣ ಮೆತ್ತಿಬಿಡುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಮುಂಗುಸಿಯ ಬೀಗದ ಕಿಂಡಿ ಸ್ವಲ್ಪ ಬೇರೆ ಆಕಾರದ್ದು, ಮೇಣ ಸರಿಯಾಗಿ ಅಂಟುವುದಿಲ್ಲ. ಅದು ಓಡಿಹೋಗಿ ಬೇರು ತಿಂದು ಬರುತ್ತದೆ ಅನ್ನುವುದು ಕತೆ.

ಕಾರವಾರ, ಕುಮಟಾ, ಹೊನ್ನಾವರದ ಗದ್ದೆ ಬಯಲಲ್ಲಿ ಭೇಟಿಯಾಗುವುದು ಹೆಚ್ಚಾಗಿ ನಾಗರವೇ. ಅದರ ವಿಷಕ್ಕೆ ಆಸ್ಪತ್ರೆಯಲ್ಲಿ ಮದ್ದಿದೆ. ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗದ ಹೆಸರು ಆ ಪಟ್ಟಿಯಲ್ಲಿಲ್ಲ. ಅದು ಕಚ್ಚುವುದು ತೀರಾ ಅಪರೂಪ, ಕಚ್ಚಿದರೆ ವೆಂಟಿಲೇಟರಿನಲ್ಲಿ ಉಸಿರು ಕಾಯುವುದೇ ಮುಖ್ಯ ದಾರಿ. ಯಾವ ಹಾವೇ ಇರಲಿ, ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ಗಾಡಿ ಹತ್ತಿಸಿ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಇದೆ.

ಈಗೀಗ ಕೊಲ್ಲುವುದು ಕಡಿಮೆಯಾಗಿದೆ, ಅದು ಒಳ್ಳೆಯದು. ಬದಲಿಗೆ ಹಿಡಿಸಿ ದೂರದ ಕಾಡಿಗೆ ಬಿಡಿಸುವುದು ಶುರುವಾಗಿದೆ. ಎಷ್ಟು ದೂರ ಬಿಟ್ಟರೆ ಅಷ್ಟು ಪುಣ್ಯ ಎಂಬ ಲೆಕ್ಕ. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದವರು ಕಂಡದ್ದು ಬೇರೆ. ದೂರ ಒಯ್ದು ಬಿಟ್ಟ ಹಾವು ಹೊಸ ಜಾಗದಲ್ಲಿ ನೆಲೆ ನಿಲ್ಲದೆ ಅಲೆಯುತ್ತದೆ. ತನ್ನ ಊರಿನ ಬಿಲ, ನೀರು, ಬೇಟೆ ಸಿಗುವ ಮೂಲೆ ಎಲ್ಲ ಅದಕ್ಕೆ ಗೊತ್ತಿತ್ತು. ಇಲ್ಲಿ ಏನೂ ಗೊತ್ತಿಲ್ಲ. ಹತ್ತಿರದ ಬೆಟ್ಟಕ್ಕೇ ಬಿಡುವುದು ವಾಸಿ. ಅದಕ್ಕೂ ಮೊದಲು ದಾರಿ ಬಿಟ್ಟು ಒಂದು ಗಂಟೆ ಸುಮ್ಮನಿದ್ದರೆ ಎಷ್ಟೋ ಸಲ ತಾನೇ ಹೋಗುತ್ತದೆ.

ಆ ವರ್ಷದ ನಾಗರ ಪಂಚಮಿಗೆ ನಾನು ಮತ್ತೆ ದೊಡ್ಡಮ್ಮನ ಮನೆಯಲ್ಲಿದ್ದೆ. ನಾಗರಕಲ್ಲಿಗೆ ಹಾಲೆರೆದು, ಅರಿಶಿನ ಎಲೆಯ ಕಡುಬು ತಿಂದು, ಮಳೆ ಸ್ವಲ್ಪ ಬಿಟ್ಟಾಗ ಕಂಬಳಿಕೊಪ್ಪೆ ಹಾಕಿಕೊಂಡು ಅವಳ ಹಿಂದೆ ಬೆಟ್ಟಕ್ಕೆ ಹೋದೆ. ಬಿದಿರು ಮೆಳೆಯ ಬುಡದ ರಾಶಿ ಕುಸಿದು ಕಪ್ಪಾಗಿತ್ತು. ಅವಳು ಉದ್ದದ ಕೋಲಿನಿಂದ ಮೆಲ್ಲಗೆ ಮೇಲಿನ ದರಕು ಸರಿಸಿದಳು. ಒಳಗೆ ಬಿಳಿ ಮೊಟ್ಟೆಗಳು, ಖಾಲಿ, ಒದ್ದೆ ಚೀಲದ ಹಾಗೆ ಮೆತ್ತಗೆ. ಪ್ರತಿಯೊಂದರಲ್ಲೂ ಬ್ಲೇಡಿನಿಂದ ಗೀರಿದಂಥ ಒಂದು ಸೀಳು. ಮರಿ ಹಾವಿನ ಮೂತಿಯ ತುದಿಯಲ್ಲಿ ಒಂದು ಸಣ್ಣ ಹಲ್ಲಿರುತ್ತದೆ, ಮೊಟ್ಟೆ ಸೀಳಲೆಂದೇ. ಕೆಲಸ ಮುಗಿದ ಮೇಲೆ ಅದು ಉದುರಿಹೋಗುತ್ತದೆ. ನಾನು ಎಣಿಸಲು ಶುರು ಮಾಡಿದೆ. ಇಪ್ಪತ್ತಮೂರಕ್ಕೆ ಬರುವಷ್ಟರಲ್ಲಿ ಮತ್ತೆ ಮಳೆ ಬಂತು.