ಬೆಕ್ಕಿನ ಗಾಯಕ್ಕೆ ನಿಮ್ಮ ಮುಲಾಮು ಹಚ್ಚುವ ಮೊದಲು

"ಡಾಕ್ಟ್ರೇ, ನಮಗೆ ಹಚ್ಚೋ ಮುಲಾಮೇ ಮನೇಲಿದೆ, ಬೆಕ್ಕಿಗೂ ಹಚ್ಚಬಹುದಾ?" ಬೆಕ್ಕು ಸಾಕಿದವರು ಫೋನ್ ಮಾಡಿ ಇದನ್ನು ಕೇಳುತ್ತಲೇ ಇರುತ್ತಾರೆ. ಕೆಲವನ್ನು ಹಚ್ಚಬಹುದು, ಹಚ್ಚಬಾರದವೇ ಜಾಸ್ತಿ. ಬೆಕ್ಕಿನ ಮೈಗೆ ಏನು ಹಚ್ಚಿದರೂ ಅದು ಹೊಟ್ಟೆಗೆ ಹೋಗುತ್ತದೆ. ಮೈಗೆ ಏನಾದರೂ ಅಂಟಿದರೆ ಪೂರ್ತಿ ಹೋಗುವ ತನಕ ಅದು ನೆಕ್ಕುವುದನ್ನು ಬಿಡುವುದಿಲ್ಲ. ಹಾಗಾಗಿ ಟ್ಯೂಬ್ ಕೈಗೆತ್ತಿಕೊಂಡಾಗ, ಇದನ್ನು ನನ್ನ ಬೆಕ್ಕು ತಿಂದರೆ ಏನಾಗುತ್ತದೆ ಅಂತ ಯೋಚನೆ ಮಾಡಿ.

ನಮಗೆ ಒಗ್ಗುವುದು ಬೆಕ್ಕಿಗೆ ವಿಷವಾಗುವುದಕ್ಕೆ ಲಿವರ್ ಕಾರಣ. ನಮ್ಮ ಲಿವರ್ ಕೆಲವು ರಾಸಾಯನಿಕಗಳಿಗೆ ಗ್ಲುಕ್ಯುರಾನಿಕ್ ಆಮ್ಲ ಸೇರಿಸಿ ಮೈಯಿಂದ ಹೊರಗೆ ಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಫೀನಾಲ್ ಜಾತಿಯ ವಸ್ತುಗಳು, ಪ್ಯಾರಾಸಿಟಮಾಲ್, ಆಸ್ಪಿರಿನ್ ಇವೆಲ್ಲ ಬೇಗ ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತವೆ. ನಾಯಿಗೆ ಹಚ್ಚಿದಾಗ ಏನೂ ಆಗಲಿಲ್ಲ ಅಂತ ಬೆಕ್ಕಿಗೂ ಹಚ್ಚಬೇಡಿ.

ಡೆಟಾಲ್‌ನಲ್ಲಿರುವ ಕ್ಲೋರೋಕ್ಸಿಲಿನಾಲ್ ಫೀನಾಲ್ ಜಾತಿಯದ್ದೇ. ಅದನ್ನು ನೆಕ್ಕಿದ ಬೆಕ್ಕಿನ ಬಾಯಿ ಹುಣ್ಣಾಗುತ್ತದೆ, ಜೊಲ್ಲು ಸುರಿಯುತ್ತದೆ, ಊಟ ನಿಲ್ಲುತ್ತದೆ. "ನೀರು ಬೆರೆಸಿ ಹಚ್ಚಿದ್ದು ಡಾಕ್ಟ್ರೇ" ಅನ್ನುತ್ತಾರೆ, ಆದರೂ ಬೇಡ. ಸ್ಯಾವ್ಲಾನ್ ಪರವಾಗಿಲ್ಲ ಅಲ್ವಾ ಅಂದರೆ, ಅದರಲ್ಲಿರುವ ಕ್ಲೋರ್‌ಹೆಕ್ಸಿಡಿನ್ ತೆಳ್ಳಗೆ ಮಾಡಿದರೆ ನಾವೂ ಬಳಸುವಂಥದ್ದೇ, ಆದರೆ ಜೊತೆಗೆ ಸೆಟ್ರಿಮೈಡ್ ಇರುತ್ತದೆ, ಅದು ನಾಲಿಗೆ ಸುಡುತ್ತದೆ. ಹಸುವಿನ ಗಾಯದಲ್ಲಿ ಹುಳ ಬಿದ್ದಾಗ ಹಾಕುವ ಟರ್ಪೆಂಟೈನ್, ಕರ್ಪೂರ, ಫಿನಾಯಿಲ್ ಇವನ್ನಂತೂ ಬೆಕ್ಕಿನ ಹತ್ತಿರವೇ ತರಬೇಡಿ. ಹುಳ ಬಿದ್ದರೆ ಒಂದೊಂದಾಗಿ ತೆಗೆಯಬೇಕು, ಅದು ಆಸ್ಪತ್ರೆಯ ಕೆಲಸ.

ಮುಲಾಮಿನ ಟ್ಯೂಬ್ ಮೇಲಿನ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತಿದ್ದರೆ ಅದು ಸ್ಟೀರಾಯ್ಡ್, ಗಾಯ ಮಾಯುವುದನ್ನೇ ತಡೆಯುತ್ತದೆ. ಲಿಗ್ನೋಕೇನ್ ಅಂತಿದ್ದರೂ ಬೇಡ, ನೋವಿನ ಜೆಲ್‌ಗಳೂ ಬೇಡ. ಕಜ್ಜಿಗೆ ಹಚ್ಚುವ ಪರ್ಮೆಥ್ರಿನ್ ಕ್ರೀಮ್ ಬೆಕ್ಕಿಗೆ ನೇರ ವಿಷ, ನಡುಕ ಶುರುವಾಗಿ ಫಿಟ್ಸ್‌ಗೆ ಹೋಗುತ್ತದೆ.

ಇನ್ನು ಡೋಲೋ, ಕ್ರೋಸಿನ್, ಅಂದರೆ ಪ್ಯಾರಾಸಿಟಮಾಲ್ ಮಾತ್ರೆಗಳು. ನನಗೆ ಅತಿ ಹೆಚ್ಚು ಭಯ ಇವುಗಳದ್ದೇ, ಯಾಕೆಂದರೆ ಇವನ್ನು ಕೊಡುವವರು ಬೆಕ್ಕಿನ ನೋವು ನೋಡಲಾರದೆ, ಪ್ರೀತಿಯಿಂದಲೇ ಕೊಡುತ್ತಾರೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಳೆದ ಬೆಕ್ಕನ್ನು ಕೊಲ್ಲಬಹುದು. ಅರ್ಧ, ಕಾಲು ಮಾಡಿ ಕೊಟ್ಟರೂ ಅದು ವಿಷವೇ. ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಉಸಿರಾಟ ಜೋರಾಗುತ್ತದೆ. ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತ್ಯೌಷಧ ಇದೆ, ಆದರೆ ಬೇಗ ಕೊಟ್ಟಷ್ಟೂ ಬದುಕುವ ಸಾಧ್ಯತೆ ಜಾಸ್ತಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಕೂಡ ಇದೆ, ಅಂದರೆ ಬೆಕ್ಕಿಗೆ ಎರಡು ವಿಷ ಒಟ್ಟಿಗೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಮೊದಲು ತೊಳೆಯಿರಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಲೈನ್ ಬಾಟಲಿ ಸಾಕು. ಅದಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ. ಪೊವಿಡೋನ್ ಅಯೋಡಿನ್, ಅಂದರೆ ಬೀಟಾಡಿನ್ ದ್ರಾವಣವನ್ನೂ ಬಳಸಬಹುದು, ಆದರೆ ಹಾಲಿಲ್ಲದ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ, ಗಾಯ ತೊಳೆದ ಮೇಲೆ ಒರೆಸಿಬಿಡಿ. ಹೈಡ್ರೋಜನ್ ಪೆರಾಕ್ಸೈಡ್‌ನ ನೊರೆ ನೋಡಿ ಗಾಯ ಸ್ವಚ್ಛ ಆಯಿತು ಅಂದುಕೊಳ್ಳಬೇಡಿ, ಅದು ಮಾಯುತ್ತಿರುವ ಮಾಂಸವನ್ನೂ ಸುಡುತ್ತದೆ. ಅರಿಶಿನ, ಕಾಫಿ ಪುಡಿ ಒತ್ತಿದರೆ ನಾವು ಅದನ್ನು ಕೆರೆದು ತೆಗೆಯಬೇಕಾಗುತ್ತದೆ, ಬೆಕ್ಕಿಗೆ ಸುಮ್ನೆ ಎರಡನೇ ಸಲ ನೋವು. ನೆಕ್ಕದ ಹಾಗೆ ಕುತ್ತಿಗೆಗೆ ಕಾಲರ್ ಹಾಕಿ. ಸಿಗದಿದ್ದರೆ ಹಳೆಯ ಎಕ್ಸ್‌ರೇ ಫಿಲ್ಮ್ ಕತ್ತರಿಸಿ, ಅಂಚಿಗೆ ಪ್ಲಾಸ್ಟರ್ ಅಂಟಿಸಿ ಮಾಡಿಕೊಳ್ಳಬಹುದು.

ಆದರೆ ನಮ್ಮಲ್ಲಿಗೆ ಬರುವ ಬೆಕ್ಕುಗಳ ಗಾಯ ಹೆಚ್ಚಾಗಿ ಕಚ್ಚಾಟದ್ದು. ಬೆಕ್ಕಿನ ಕೋರೆಹಲ್ಲು ಸಣ್ಣದು, ಚೂಪಾದ್ದು, ಆಳಕ್ಕೆ ಇಳಿಯುತ್ತದೆ. ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕ್ರಿಮಿ ಉಳಿದು ಮೂರು ನಾಲ್ಕು ದಿನಕ್ಕೆ ಕೀವು ತುಂಬಿದ ಬಾವು ಆಗುತ್ತದೆ. ಮೇಲೆ ಎಷ್ಟು ಒಳ್ಳೆಯ ಮುಲಾಮು ಹಚ್ಚಿದರೂ ಅದು ಅಲ್ಲಿಗೆ ತಲುಪುವುದಿಲ್ಲ, ಕೀವು ತೆಗೆದು ಆಂಟಿಬಯಾಟಿಕ್ ಕೊಡಬೇಕು. ಬೆಕ್ಕು ಮಂಕಾಗಿ ಮೂಲೆ ಹಿಡಿದರೆ, ಊಟ ಬಿಟ್ಟರೆ, ಮೈ ಬಿಸಿಯಾದರೆ ಕಾಯಬೇಡಿ. ಹಿಡಿಯುವಾಗ ಅದು ನಿಮ್ಮನ್ನು ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬಿಸ್ ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿ.

ಹಚ್ಚಬಾರದ್ದನ್ನು ಈಗಾಗಲೇ ಹಚ್ಚಿದ್ದರೆ, ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಆ ಜಾಗ ತೊಳೆಯಿರಿ. ಒರೆಸಿ ಟವೆಲ್‌ನಲ್ಲಿ ಸುತ್ತಿ, ನೆಕ್ಕಲು ಬಿಡಬೇಡಿ. ವಾಂತಿ ಮಾಡಿಸಲು ಹೋಗಬೇಡಿ, ಸುಡುವ ವಸ್ತು ಗಂಟಲಲ್ಲಿ ಇನ್ನೊಂದು ಸಲ ಹಾದು ಬರುತ್ತದೆ. ತಕ್ಷಣ ಪಶು ಆಸ್ಪತ್ರೆಗೆ ಹೊರಡಿ. ಹಚ್ಚಿದ ಬಾಟಲಿ ಅಥವಾ ಟ್ಯೂಬ್ ಜೊತೆಗೇ ತನ್ನಿ, ಮಾತ್ರೆ ಕೊಟ್ಟಿದ್ದರೆ ಅದರ ಸ್ಟ್ರಿಪ್ಪನ್ನೂ ತನ್ನಿ, ಎಷ್ಟು ಗಂಟೆಗೆ ಕೊಟ್ಟಿರಿ ಅನ್ನುವುದನ್ನು ಮುಚ್ಚಿಡದೆ ಹೇಳಿ.