ಮರೆವಿದ್ದರೂ ಅಜ್ಜಿಯನ್ನೇ ಕೇಳಿ

"ಡಾಕ್ಟ್ರೇ, ಅಮ್ಮನಿಗೆ ಡಿಮೆನ್ಶಿಯಾ. ಅವರನ್ನೇನು ಕೇಳೋದು, ನಾವೇ ತೀರ್ಮಾನ ಮಾಡ್ತೀವಿ." ಡಿಸ್ಚಾರ್ಜ್ ಹೊತ್ತಿಗೆ, ಇನ್ನು ಮುಂದೆ ಅಮ್ಮ ಎಲ್ಲಿರಬೇಕು ಅನ್ನುವ ಮಾತು ಬಂದಾಗ, ಮಕ್ಕಳು ಹೀಗೆ ಹೇಳುವುದು ಜಾಸ್ತಿ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮರೆವಿನ ಕಾಯಿಲೆಗೆ ಡಿಮೆನ್ಶಿಯಾ ಅಂತ ಒಂದು ಹೆಸರು ಬಿದ್ದ ಮಾತ್ರಕ್ಕೆ ಅಮ್ಮನ ಮಾತಿಗೆ ಬೆಲೆ ಹೋಗುವುದಿಲ್ಲ. ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 18 ಬಂದರೂ ಹೋಗುವುದಿಲ್ಲ. ಇವತ್ತು ಯಾವ ವಾರ ಅಂತ ಗೊತ್ತಿಲ್ಲದವರಿಗೂ ತಾವು ಎಲ್ಲಿರಬೇಕು ಅನ್ನುವುದು ಗೊತ್ತಿರಬಹುದು. ಅವರಿಗೇ ಆಸ್ತಿ ಪತ್ರ ಅರ್ಥವಾಗದೆ ಇರಬಹುದು. ಒಂದೊಂದು ತೀರ್ಮಾನವನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಮೊದಲು ನೋಡುವುದು, ಈಗಿನ ಗೊಂದಲ ಹೊಸದಾ ಅಂತ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ನಿದ್ದೆ ಮಾತ್ರೆ, ಇವು ಯಾವುದರಿಂದಲಾದರೂ ತಾತ್ಕಾಲಿಕವಾಗಿ ತಲೆ ಮಂಕಾಗಬಹುದು. ಹಾಗಿದ್ದರೆ ಅದು ಇಳಿಯುವವರೆಗೆ ಕಾಯುವುದು ಮೇಲು. ಆಮೇಲೆ ಬೆಳಗ್ಗೆ, ತಿಂಡಿ ಆದ ಮೇಲೆ, ಕನ್ನಡಕ ಮತ್ತು ಕಿವಿ ಮೆಷಿನ್ ಹಾಕಿಸಿ ಮಾತಾಡಿಸುತ್ತೇನೆ. ಸಂಜೆ ಗೊಂದಲ ಹೆಚ್ಚಾಗುವವರು ಬಹಳ. ಮಕ್ಕಳು ಸ್ವಲ್ಪ ಹೊರಗಿರಲಿ.

ಬಿದ್ದು ಸೊಂಟದ ಮೂಳೆ ಆಪರೇಷನ್ ಆದ ಒಬ್ಬ ಅಜ್ಜಿ ಒಂಟಿಯಾಗಿ ತಮ್ಮ ಮನೆಗೇ ಹೋಗುತ್ತೇನೆ ಅನ್ನುತ್ತಾರೆ ಎಂದುಕೊಳ್ಳಿ. "ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ರೆ ಏನ್ ಮಾಡ್ತೀರಿ ಅಜ್ಜಿ?" "ಪಕ್ಕದ ಮನೆಯವರನ್ನ ಕೂಗ್ತೀನಿ." "ಅವರು ಊರಲ್ಲಿ ಇಲ್ದಿದ್ರೆ?" "ಬೆಳಗಾಗೋವರೆಗೂ ಬಿದ್ದಿರ್ಬೇಕು. ಆದ್ರೂ ನನ್ನ ಮನೆನೇ ಸಾಕು." ಅಪಾಯ ಅವರಿಗೆ ಗೊತ್ತಿದೆ, ಗೊತ್ತಿದ್ದೇ ಆರಿಸುತ್ತಿದ್ದಾರೆ. ಹೊಲಿಗೆ ಇನ್ನೂ ಬಿಚ್ಚಿಲ್ಲದಿರುವಾಗ "ನಾನು ಬಿದ್ದೇ ಇಲ್ಲವಲ್ಲ" ಅಂದರೆ ಮಾತು ಬೇರೆ, ಆಗ ಅಪಾಯವೇ ಅವರಿಗೆ ಅರ್ಥವಾಗಿಲ್ಲ. ಮರುದಿನ ಮತ್ತೆ ಕೇಳುತ್ತೇನೆ. ನಿನ್ನೆ ಮಾತಾಡಿದ್ದು ಮರೆತಿದ್ದರೂ ಅದೇ ಕಾರಣ ಕೊಟ್ಟು ಅದೇ ಉತ್ತರ ಹೇಳಿದರೆ ಅದಕ್ಕೆ ತೂಕವಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಸೆಕ್ಷನ್ ಇರುವುದು ಮಾನಸಿಕ ಆರೋಗ್ಯದ ಚಿಕಿತ್ಸೆಗೆ. ಎಲ್ಲಿ ವಾಸ ಅನ್ನುವುದಕ್ಕಲ್ಲ. ಆದರೂ ಅದರ ಒಂದು ಮಾತು ಇಲ್ಲಿಗೂ ಒಪ್ಪುತ್ತದೆ: ನಿರ್ಧಾರ ತಪ್ಪು ಅಂತ ಬೇರೆಯವರಿಗೆ ಅನಿಸಿದ ಮಾತ್ರಕ್ಕೆ ನಿರ್ಧರಿಸುವ ಸಾಮರ್ಥ್ಯ ಇಲ್ಲ ಅನ್ನುವ ಹಾಗಿಲ್ಲ.

ಎಷ್ಟೋ ಸಲ ನಿಜವಾದ ಜಗಳ ಸಾಮರ್ಥ್ಯದ್ದಲ್ಲ, ರಾತ್ರಿ ನೋಡಿಕೊಳ್ಳುವವರು ಯಾರು ಅನ್ನುವುದು. ಮಂಚದ ಪಕ್ಕ ಒಂದು ಕಮೋಡ್ ಕುರ್ಚಿ, ರಾತ್ರಿಗೆ ಹೋಂ ನರ್ಸ್, ಗ್ಯಾಸ್ ಬದಲು ಇಂಡಕ್ಷನ್ ಒಲೆ, ಇಷ್ಟಾದರೆ ಎಷ್ಟೋ ಮನೆಗಳಲ್ಲಿ ಜಗಳ ತಣ್ಣಗಾಗುತ್ತದೆ. ಅಜ್ಜಿಗೆ ತೀರ್ಮಾನ ಮಾಡಲು ಆಗದಿದ್ದರೂ ಅವರ ಇಷ್ಟವೇನು ಅಂತ ಕೇಳಲೇಬೇಕು.

ಕಿರಿಯ ಡಾಕ್ಟರುಗಳಿಗೆ ಒಂದು ಮಾತು: ಫೈಲಿನಲ್ಲಿ "ಡಿಮೆನ್ಶಿಯಾ, ಮಕ್ಕಳಿಗೆ ತಿಳಿಸಲಾಗಿದೆ" ಅಂತ ಬರೆದು ಬಿಡಬೇಡಿ. ಏನು ಕೇಳಿದಿರಿ, ಎಷ್ಟು ಹೊತ್ತಿಗೆ ಕೇಳಿದಿರಿ, ಅವರು ಏನಂದರು, ಅವರ ಮಾತಿನಲ್ಲೇ ಬರೆಯಿರಿ.