ಕಿವಿಗೆ ಸಾಕು, ಫ್ಯಾಕ್ಸ್‌ಗೆ ಸಾಲದು

ನಮ್ಮ ಕಚೇರಿಯಲ್ಲಿ ಹಳೆಯ ದೂರವಾಣಿ ತಂತಿ ತೆಗೆಸಿ ಇಂಟರ್ನೆಟ್ ಫೋನ್ ಹಾಕಿಸಿದ ಮರುದಿನವೇ ಫ್ಯಾಕ್ಸ್ ಯಂತ್ರ ಹಟ ಹಿಡಿಯಿತು. ಅರ್ಧ ಪುಟ ಹೊರಬಂದು ನಿಂತುಬಿಡುತ್ತಿತ್ತು. ‘ನೆಟ್ ನಿಧಾನ, ಸ್ಪೀಡ್ ಹೆಚ್ಚಿಸಿ’ ಎಂದರು ಎಲ್ಲರೂ. ಈ ಸಲಹೆ ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಸಾಮಾನ್ಯ ಫ್ಯಾಕ್ಸ್ ಕಳುಹಿಸುವುದು ಸೆಕೆಂಡಿಗೆ ಹೆಚ್ಚೆಂದರೆ 14,400 ಬಿಟ್. ಇಂದಿನ ಬ್ರಾಡ್‌ಬ್ಯಾಂಡ್‌ಗೆ ಅದು ಯಾವ ಲೆಕ್ಕ? ತೊಂದರೆ ವೇಗದಲ್ಲಿಲ್ಲ, ಫ್ಯಾಕ್ಸ್ ಮಾತಾಡುವ ರೀತಿಯಲ್ಲಿದೆ.

ಫ್ಯಾಕ್ಸ್ ದೂರವಾಣಿಗಿಂತ ಹಿರಿಯದು. ಬೆಲ್ ದೂರವಾಣಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೇನ್ ಫ್ಯಾಕ್ಸ್‌ನ ಮೂಲರೂಪಕ್ಕೆ ಪಡೆದದ್ದು 1843ರಲ್ಲೇ. 1865ರಲ್ಲಿ ಇಟಲಿಯ ಕಸೆಲ್ಲಿಯ ಯಂತ್ರ ಪ್ಯಾರಿಸ್‌ನಿಂದ ಲಿಯಾನ್‌ಗೆ ಟೆಲಿಗ್ರಾಫ್ ತಂತಿಯ ಮೇಲೆ ಕೈಬರಹ ಒಯ್ಯುತ್ತಿತ್ತು. ಆಗ ಅದಕ್ಕೆ ಇಂದಿನ ಫ್ಯಾಕ್ಸ್‌ನಂತೆ ಫೋನಿನಲ್ಲಿ ಕಿರುಚುವ ಅಗತ್ಯವಿರಲಿಲ್ಲ. ಮುಂದೆ ಊರೂರಿಗೂ ತಲುಪಿದ್ದು ಮಾತಿನ ತಂತಿ. ಅದರಲ್ಲಿ ಹೋಗಬೇಕೆಂದರೆ ಚಿತ್ರವೂ ಶಬ್ದದ ವೇಷ ತೊಡಲೇಬೇಕಾಯಿತು.

ಆ ವೇಷದೊಳಗೆ ಇರುವುದು ಚುಕ್ಕಿ ರಂಗೋಲಿ. ಯಂತ್ರ ಪುಟದ ಪ್ರತಿ ಗೆರೆಯನ್ನು 1,728 ಚುಕ್ಕಿಗಳಾಗಿ ನೋಡಿ, ‘ಇಷ್ಟು ಬಿಳಿ, ಆಮೇಲೆ ಇಷ್ಟು ಕಪ್ಪು’ ಎಂದು ಎಣಿಸಿ ಹೇಳುತ್ತದೆ. ಎಣಿಕೆ ಒಂದು ಕಡೆ ತಪ್ಪಿದರೆ ಆ ಗೆರೆಯ ಉಳಿದ ಭಾಗವೆಲ್ಲ ಕೆಡುತ್ತದೆ.

ಇಂಟರ್ನೆಟ್ ಫೋನ್ ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತದೆ. ಒಂದು ತುಣುಕು ದಾರಿಯಲ್ಲಿ ಕಳೆದರೆ ಹಿಂದಿನದನ್ನೇ ನೋಡಿ ತೇಪೆ ಹಾಕುತ್ತದೆ. ‘ಊಟ ಆ...ತಾ’ ಎಂದರೂ ನಮಗೆ ಅರ್ಥವಾಗುತ್ತದಲ್ಲ! ಆದರೆ ಒಟಿಪಿಯ ಒಂದು ಅಂಕಿ ನುಂಗಿಹೋದರೆ ಊಹಿಸುವುದು ಹೇಗೆ? ಫ್ಯಾಕ್ಸ್‌ನ ಮಾತೆಲ್ಲ ಒಟಿಪಿಯೇ. ಆ 20 ಮಿಲಿಸೆಕೆಂಡಿನಲ್ಲಿ ಮಾಯವಾಗುವುದು 288 ಬಿಟ್. ಇನ್ನು ಜಿ.729 ಎಂಬ ಧ್ವನಿ ಸಂಕೋಚನವಂತೂ ಮಿಮಿಕ್ರಿ ಕಲಾವಿದನಿದ್ದಂತೆ: ಮನುಷ್ಯನ ಗಂಟಲಿನ ರೀತಿಯನ್ನು ಬಲ್ಲ ಅದು ಸೆಕೆಂಡಿಗೆ 64,000 ಬಿಟ್‌ನ ಮಾತನ್ನು 8,000ಕ್ಕೆ ಇಳಿಸುತ್ತದೆ. ಫ್ಯಾಕ್ಸ್‌ಗೆ ಗಂಟಲೇ ಇಲ್ಲ. ಅದರ ಕೂಗನ್ನು ಅನುಕರಿಸಲು ಹೋಗಿ ಎಲ್ಲವನ್ನೂ ಕಲಸಿಹಾಕುತ್ತದೆ.

1998ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಪ್ಪಿದ ಟಿ.38 ಎಂಬ ವಿಧಾನ ಈ ವೇಷವನ್ನೇ ಕಳಚುತ್ತದೆ. ಈಚೆ ದಡದ ಗೇಟ್‌ವೇ (ಫ್ಯಾಕ್ಸ್ ಯಂತ್ರವನ್ನು ಇಂಟರ್ನೆಟ್‌ಗೆ ಜೋಡಿಸುವ ಸಾಧನ) ಫ್ಯಾಕ್ಸ್‌ನ ಕೂಗನ್ನು ಗುರುತಿಸಿ, ಒಳಗಿನ ಅಂಕಿಗಳನ್ನಷ್ಟೇ ಬಿಡಿಸಿ ಕಳುಹಿಸುತ್ತದೆ. ಆಚೆ ದಡದ್ದು ಅದನ್ನು ಮತ್ತೆ ಕೂಗಾಗಿಸುತ್ತದೆ. ಹೊಳೆಯ ಆಚೆಗೆ ಕೂಗಿ ಹೇಳುವ ಬದಲು ಚೀಟಿ ಬರೆದು ದೋಣಿಯಲ್ಲಿ ಕಳುಹಿಸಿದ ಹಾಗೆ. ನನಗೆ ತುಂಬ ಇಷ್ಟವಾದದ್ದು ಇನ್ನೊಂದು ಉಪಾಯ: ಪ್ರತಿ ಹೊಸ ಚೀಟಿಯ ಕೆಳಗೆ ಹಿಂದಿನ ಚೀಟಿಗಳ ನಕಲನ್ನೂ ಬರೆದಿರಬಹುದು. ನಡುವೆ ಒಂದು ದೋಣಿ ಮುಳುಗಿದರೂ ಸುದ್ದಿ ಉಳಿಯುತ್ತದೆ.

ಟಿ.38 ಎರಡೂ ತುದಿಗಳಲ್ಲಿರಬೇಕು, ನಡುವಿನ ಸೇವೆಯವರೂ ಒಪ್ಪಬೇಕು. ನಮ್ಮ ಸೇವೆಯವರಲ್ಲಿ ಅದು ಇರಲಿಲ್ಲ. ಹಾಗಾಗಿ ಧ್ವನಿಯನ್ನು ಹಿಂಡದೆ ಒಯ್ಯುವ ಜಿ.711 ಆರಿಸಿ, ಯಂತ್ರದ ವೇಗವನ್ನು 14,400ರಿಂದ 9,600ಕ್ಕೆ ಇಳಿಸಿದೆವು. ಪುಟ ಪೂರ್ತಿ ಬಂತು.